ಮನೆಯಂಗಳದಲ್ಲಿ ಬೈಕ್ ಎತ್ತುವ ಮುನ್ನ: ಸುರಕ್ಷಿತ ಜಾಕಿಯನ್ನು ಆರಿಸುವ ಬಗೆ

ನಾಗಸಂದ್ರ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು, ತುಮಕೂರು ರಸ್ತೆಯ ಗದ್ದಲವನ್ನು ಹಿಂದಕ್ಕೆ ಬಿಟ್ಟು ಒಳಗಿನ ಬಡಾವಣೆಗಳತ್ತ ನಡೆದರೆ, ಭಾನುವಾರದ ಬೆಳಗಿನಲ್ಲಿ ಒಂದು ನೋಟ ತಪ್ಪದೆ ಕಾಣಸಿಗುತ್ತದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಎದ್ದು ನಿಂತ ಮೂರಂತಸ್ತಿನ ಮನೆ. ಕೆಳಗೆ ಬಾಡಿಗೆದಾರರೆಲ್ಲರ ವಾಹನ ನಿಲ್ಲುವ ಜಾಗ. ಅಲ್ಲೊಂದು ಬಕೆಟ್ ನೀರು, ಹಳೆಯ ಬನಿಯನ್ನಿನ ತುಂಡು, ಚೈನಿಗೆ ಹಚ್ಚುವ ಎಣ್ಣೆಯ ಡಬ್ಬಿ, ನಾಲ್ಕಾರು ಸ್ಪ್ಯಾನರು. ವಾರವಿಡೀ ಪೀಣ್ಯದ ಕಾರ್ಖಾನೆಗೋ ನಗರದ ಕಚೇರಿಗೋ ಓಡಿದ ಬೈಕಿಗೆ ಅಂದು ಒಡೆಯನ ಕೈಯಿಂದಲೇ ಉಪಚಾರ.

ಉಪಚಾರವೇನೋ ಸರಿ. ಆದರೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸುವ ಗಳಿಗೆ ಬಂದಾಗ ಹೂಡುವ ಉಪಾಯಗಳು ಎದೆ ನಡುಗಿಸುವಂಥವು. ಬೈಕನ್ನು ಸೈಡ್ ಸ್ಟ್ಯಾಂಡಿನ ಮೇಲೆ ವಾಲಿಸಿ ಇನ್ನೊಂದು ಬದಿಗೆ ಕಟ್ಟಿಗೆಯ ತುಂಡನ್ನು ಊರುವವರಿದ್ದಾರೆ. ಎಂಜಿನ್ನಿನ ಅಡಿಗೆ ಸಿಮೆಂಟ್ ಇಟ್ಟಿಗೆ ಪೇರಿಸುವವರಿದ್ದಾರೆ. ಕಾರಿನ ಡಿಕ್ಕಿಯಲ್ಲಿದ್ದ ಜಾಕಿಯನ್ನು ತಂದು ಸೈಲೆನ್ಸರಿಗೆ ಕೊಡುವವರೂ ಇದ್ದಾರೆ. ಅದೇ ಜಾಗದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಹೀಗೆ ನಿಲ್ಲಿಸಿದ ಬೈಕ್ ಮಗುಚಿ ಬಿದ್ದರೆ ಅದರಡಿ ಸಿಕ್ಕುವುದು ಕೇವಲ ಕನ್ನಡಿ, ಇಂಡಿಕೇಟರುಗಳಲ್ಲ; ಕೈಬೆರಳು, ಕಾಲು, ಕೆಲವೊಮ್ಮೆ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಿದ್ದ ಮಗು.

ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯ ಗಡಿಯನ್ನು ದಾಟಿದೆ. ಅವುಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ದ್ವಿಚಕ್ರಗಳೇ. ಹೀಗಿರುವಾಗ ಬೈಕ್ ಎತ್ತುವ ಸಾಧನವನ್ನು ಆರಿಸುವುದು ಹೇಗೆಂಬುದು ಹವ್ಯಾಸಿಗಳ ಪ್ರಶ್ನೆಯಾಗಿಯಷ್ಟೇ ಉಳಿದಿಲ್ಲ. ಅಂಗಡಿಯ ಮುಂದೆ ನಿಂತಾಗ ಎಷ್ಟು ಟನ್ ಎತ್ತುತ್ತದೆ ಎಂದು ಕೇಳುವುದು ವಾಡಿಕೆ. ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ ಎಂಬುದನ್ನು ಮನಗಾಣಿಸುವುದೇ ಈ ಲೇಖನದ ಉದ್ದೇಶ.

ಡಬಲ್ ಸ್ಟ್ಯಾಂಡ್ ಮರೆಯಾದ ಕಥೆ

ಒಂದು ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳನ್ನು ನೆನೆಯಿರಿ. ಗಟ್ಟಿಮುಟ್ಟಾದ ಡಬಲ್ ಸ್ಟ್ಯಾಂಡ್ ಬೈಕಿನೊಂದಿಗೇ ಬರುತ್ತಿತ್ತು. ಕಾಲಿನಿಂದ ಒತ್ತಿ, ಹಿಂದಕ್ಕೆಳೆದರೆ ಬೈಕ್ ಎರಡು ಕಾಲುಗಳ ಮೇಲೆ ನೆಟ್ಟಗೆ ನಿಲ್ಲುತ್ತಿತ್ತು. ಪಂಕ್ಚರ್ ಆಗಲಿ, ಚೈನ್ ಬಿಗಿಯುವುದಾಗಲಿ, ಜಾಕಿಯ ಮಾತೇ ಇರಲಿಲ್ಲ.

ಇಂದಿಗೂ ಸ್ಪ್ಲೆಂಡರ್‌ನಂಥ ನಿತ್ಯೋಪಯೋಗಿ ಬೈಕುಗಳಲ್ಲಿ, ಕ್ಲಾಸಿಕ್ 350ರಲ್ಲಿ ಹಾಗೂ ಆಕ್ಟಿವಾದಂಥ ಸ್ಕೂಟರುಗಳಲ್ಲಿ ಡಬಲ್ ಸ್ಟ್ಯಾಂಡ್ ಇದೆ. ಆದರೆ ವೇಗಕ್ಕೆ ಹೆಸರಾದ ಮಾದರಿಗಳಲ್ಲಿ ಅದು ಕಾಣೆಯಾಗಿದೆ. ಕೆಟಿಎಂ ಡ್ಯೂಕ್, ಯಮಹಾ ಆರ್15 ಮುಂತಾದವು ಸೈಡ್ ಸ್ಟ್ಯಾಂಡನ್ನು ಮಾತ್ರ ಹೊತ್ತು ಬರುತ್ತವೆ. ತೂಕ ಇಳಿಸಬೇಕು, ತಿರುವಿನಲ್ಲಿ ವಾಲಿದಾಗ ಸ್ಟ್ಯಾಂಡ್ ನೆಲಕ್ಕೆ ತಾಗಬಾರದು ಎಂಬುವು ಇದಕ್ಕೆ ಕಾರಣ. ಕಾರಣ ಒಪ್ಪತಕ್ಕದ್ದೇ, ಆದರೆ ಚೈನಿನ ಆರೈಕೆ ಮಾತ್ರ ತಪ್ಪುವುದಿಲ್ಲವಲ್ಲ! ಸುಮಾರು 500ರಿಂದ 1,000 ಕಿಲೋಮೀಟರಿಗೊಮ್ಮೆ ಚೈನನ್ನು ಶುಚಿಗೊಳಿಸಿ ಎಣ್ಣೆ ಹಚ್ಚುವಂತೆ ಹಲವು ತಯಾರಕರ ಕೈಪಿಡಿಗಳು ಹೇಳುತ್ತವೆ. ಮಳೆಗಾಲದಲ್ಲಿ ಇನ್ನೂ ಬೇಗ. ದಿನಕ್ಕೆ 40 ಕಿಲೋಮೀಟರ್ ಓಡಿಸುವವನಿಗೆ ಎರಡು ವಾರಕ್ಕೊಮ್ಮೆ ಈ ಕೆಲಸ ಬೀಳುತ್ತದೆ.

ಆದಕಾರಣ ಖರೀದಿಗೆ ಹೊರಡುವ ಮುನ್ನ ಒಂದು ಮಾತು. ನಿಮ್ಮ ಬೈಕಿನಲ್ಲಿ ಡಬಲ್ ಸ್ಟ್ಯಾಂಡ್ ಇದ್ದು, ನಿಮ್ಮ ಕೆಲಸ ಚೈನ್ ತೊಳೆಯುವುದಕ್ಕೂ ಹಿಂದಿನ ಚಕ್ರ ಬಿಚ್ಚುವುದಕ್ಕೂ ಸೀಮಿತವಾಗಿದ್ದರೆ ನಿಮಗೆ ಜಾಕಿಯ ಅಗತ್ಯವೇ ಇಲ್ಲ. ನಿಮ್ಮ ಮಾದರಿಗೆ ತಯಾರಕರೇ ಡಬಲ್ ಸ್ಟ್ಯಾಂಡನ್ನು ಪ್ರತ್ಯೇಕವಾಗಿ ಮಾರುತ್ತಿದ್ದರೆ, ಹಾಕಿಸಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮಕರ.

ಎತ್ತುವುದು ಬೇರೆ, ಹಿಡಿದು ನಿಲ್ಲಿಸುವುದು ಬೇರೆ

ಜಾಕಿಯ ವಿಚಾರದಲ್ಲಿ ನಡೆಯುವ ಮೂಲಭೂತ ತಪ್ಪು ಇದು. ಭಾರವನ್ನು ಮೇಲಕ್ಕೆತ್ತುವುದು ಒಂದು ಕೆಲಸ. ಎತ್ತಿದ ಭಾರವನ್ನು ಗಂಟೆಗಟ್ಟಲೆ ಅಲುಗಾಡದಂತೆ ಹಿಡಿದಿಡುವುದು ಮತ್ತೊಂದು. ಮೊದಲನೆಯದರಲ್ಲಿ ನಿಪುಣವಾದ ಸಾಧನ ಎರಡನೆಯದರಲ್ಲಿ ಸೋಲಬಹುದು.

ಹೈಡ್ರಾಲಿಕ್ ಜಾಕಿಯನ್ನೇ ತೆಗೆದುಕೊಳ್ಳಿ. ಮುಚ್ಚಿದ ಪಾತ್ರೆಯ ದ್ರವಕ್ಕೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲ್ ನಿಯಮವೇ ಅದರ ಜೀವಾಳ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಹೈಡ್ರಾಲಿಕ್ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದದ್ದು ಇದೇ ತತ್ತ್ವದ ಮೇಲೆ. ಚಿಕ್ಕ ಪಿಸ್ಟನ್ನಿಗಿಂತ ದೊಡ್ಡ ಪಿಸ್ಟನ್ನಿನ ವಿಸ್ತೀರ್ಣ ಹತ್ತು ಪಟ್ಟಿದ್ದರೆ, ಕೊಟ್ಟ ಬಲವೂ ಹತ್ತು ಪಟ್ಟಾಗಿ ಹೊರಬರುತ್ತದೆ. ಆದ್ದರಿಂದಲೇ ಸಣ್ಣ ಹಿಡಿಯನ್ನು ನಾಲ್ಕು ಸಲ ಒತ್ತಿದರೆ ಭಾರಿ ಬೈಕ್ ಸರಾಗವಾಗಿ ಮೇಲೇಳುತ್ತದೆ. ಆದರೆ ಮೇಲೆದ್ದ ನಂತರ ಅದನ್ನು ಹಿಡಿದಿರುವುದು ಯಾವುದು? ಒಂದು ರಬ್ಬರ್ ಆಯಿಲ್ ಸೀಲ್ ಮತ್ತು ಒಂದು ಪುಟ್ಟ ಕವಾಟ. ಸೀಲ್ ಸವೆದರೆ, ಕವಾಟದಲ್ಲಿ ಒಂದು ಕಸ ಸಿಕ್ಕಿಕೊಂಡರೆ ಬೈಕ್ ನಿಧಾನವಾಗಿ ಇಳಿಯತೊಡಗುತ್ತದೆ. ಆದ್ದರಿಂದ ಹೈಡ್ರಾಲಿಕ್ ಜಾಕಿಯಲ್ಲಿ ಕಬ್ಬಿಣದ ಹಲ್ಲಿಗೋ ತೂತಿಗೋ ಕೂರುವ ಪ್ರತ್ಯೇಕ ಬೀಗ ಇರಲೇಬೇಕು. ಎತ್ತಿದ ಮೇಲೆ ಆ ಬೀಗವನ್ನು ಹಾಕಿ, ಒತ್ತಡವನ್ನು ಸಡಿಲಿಸಿ, ಭಾರವನ್ನು ಬೀಗದ ಮೇಲೆ ಕೂರಿಸತಕ್ಕದ್ದು. ಬೀಗವಿಲ್ಲದ ಹೈಡ್ರಾಲಿಕ್ ಜಾಕಿ ಎಷ್ಟು ಟನ್ನಿನದಾದರೂ ಮನೆಗೆ ಬೇಡ.

ತಿರುಪಿನ ಜಾಕಿಯ ಗುಣ ಇದಕ್ಕೆ ವಿರುದ್ಧ. ಎತ್ತುವುದು ನಿಧಾನ, ತೋಳಿಗೆ ಶ್ರಮ. ಆದರೆ ತಿರುಪಿನ ಎಳೆಗಳ ಓರೆ ಅತಿ ಕಡಿಮೆಯಾಗಿರುವುದರಿಂದ ಘರ್ಷಣೆಯೇ ಅದನ್ನು ಹಿಡಿದಿಡುತ್ತದೆ. ಮೇಲಿನ ಭಾರ ಎಷ್ಟು ಒತ್ತಿದರೂ ತಿರುಪು ತಾನಾಗಿ ಹಿಂದಕ್ಕೆ ಸುತ್ತುವುದಿಲ್ಲ. ಸೋರುವುದಕ್ಕೆ ಅದರಲ್ಲಿ ಎಣ್ಣೆಯೂ ಇಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು

ಪ್ಯಾಡಾಕ್ ಸ್ಟ್ಯಾಂಡ್: ಹೆಸರು ಬಂದದ್ದು ರೇಸಿನ ಅಂಗಳದಿಂದ. ಪುಟ್ಟ ಗಾಲಿಗಳಿರುವ, ಕಬ್ಬಿಣದ ಪೈಪನ್ನು ಬಗ್ಗಿಸಿ ಮಾಡಿದ ಸನ್ನೆಗೋಲು ಎಂದರೆ ಸಾಕು. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಎರಡೂ ಬದಿಗೆ ಬಾಬಿನ್ ಎಂಬ ಗುಬುಟುಗಳನ್ನು ತಿರುಗಿಸಿ ಕೂರಿಸಿ, ಅವಕ್ಕೆ ಸ್ಟ್ಯಾಂಡಿನ ಕವಲುಗಳನ್ನು ಸಿಕ್ಕಿಸಿ, ಹಿಡಿಯನ್ನು ನೆಲಕ್ಕೆ ಒತ್ತಿದರೆ ಹಿಂದಿನ ಚಕ್ರ ಮೇಲೇಳುತ್ತದೆ. 195 ಕಿಲೋ ತೂಗುವ ಬೈಕಿನ ಹಿಂಬದಿಯಲ್ಲಿ ಸುಮಾರು 100 ಕಿಲೋ ಭಾರವಿರುತ್ತದೆ ಎನ್ನೋಣ. ಗಾಲಿಯ ಅಚ್ಚಿನಿಂದ ಕವಲಿಗೆ 15, ಹಿಡಿಗೆ 75 ಸೆಂಟಿಮೀಟರ್ ದೂರವಿದ್ದರೆ ಕೈಗೆ ಬೀಳುವ ಭಾರ ಕೇವಲ 20 ಕಿಲೋ. ಮುಂದಿನ ಚಕ್ರ ನೆಲದ ಮೇಲೆಯೇ ಇದ್ದು, ಹಿಂದೆ ಅಗಲವಾದ ಎರಡು ಆಧಾರಗಳಿರುವುದರಿಂದ ನಿಲುವು ಭದ್ರ. ಚೈನಿನ ಕೆಲಸಕ್ಕೂ ಹಿಂದಿನ ಚಕ್ರ ಬಿಚ್ಚುವುದಕ್ಕೂ ಇದಕ್ಕಿಂತ ಹೊಂದುವ ಸಾಧನವಿಲ್ಲ. ಬಾಬಿನ್ ಕೂರಿಸಲು ತಿರುಪಿನ ತೂತುಗಳಿಲ್ಲದ ಬೈಕುಗಳಿಗೆ ರಬ್ಬರ್ ಹೊದಿಸಿದ ಎಲ್ ಆಕಾರದ ಕವಲುಗಳು ಸಿಗುತ್ತವೆ. ಅವು ಜಾರುವ ಸಂಭವ ಹೆಚ್ಚು. ಬಾಬಿನ್ ಸಾಧ್ಯವಿದ್ದಲ್ಲಿ ಬಾಬಿನ್ನೇ ಮೇಲು. ಬಾಬಿನ್ನಿನ ತಿರುಪು 6, 8 ಅಥವಾ 10 ಮಿಲಿಮೀಟರಿನದಾಗಿರಬಹುದು. ನಿಮ್ಮ ಬೈಕಿನ ಅಳತೆಯನ್ನು ತಿಳಿದೇ ಕೊಳ್ಳಿರಿ.

ಮುಂದಿನ ಚಕ್ರಕ್ಕಾಗಿ ಬೇರೆ ಪ್ಯಾಡಾಕ್ ಸ್ಟ್ಯಾಂಡ್ ಇದೆ. ಅದನ್ನು ಬಳಸುವ ಮುನ್ನ ಹಿಂಬದಿ ಸ್ಟ್ಯಾಂಡಿನ ಮೇಲೆ ಏರಿರಲೇಬೇಕೆಂಬುದು ಕಡ್ಡಾಯ ನಿಯಮ. ಫೋರ್ಕಿನ ಕೆಳತುದಿಯನ್ನು ಎತ್ತುವ ಬಗೆಯಲ್ಲಿ ಚಕ್ರವನ್ನು ಮಾತ್ರ ಬಿಚ್ಚಬಹುದು, ಫೋರ್ಕನ್ನು ಬಿಚ್ಚುವಂತಿಲ್ಲ ಎಂಬುದೂ ನೆನಪಿರಲಿ.

ಕತ್ತರಿ ಜಾಕಿ: ತಿರುಪನ್ನು ಸುತ್ತಿದಂತೆ ಕತ್ತರಿಯ ಕಾಲುಗಳಂತೆ ಮಡಚಿ ಮೇಲೇಳುವ ಸಾಧನ. ಬೈಕಿಗೆಂದೇ ಮಾಡಿದ ಕತ್ತರಿ ಜಾಕಿಯ ಮೇಲ್ಭಾಗ ಅಗಲವಾಗಿ, ಸಪಾಟಾಗಿ, ರಬ್ಬರಿನ ಹೊದಿಕೆಯೊಂದಿಗೆ ಇರುತ್ತದೆ. ಕಾರಿನ ಕತ್ತರಿ ಜಾಕಿಯ ತಲೆಯಲ್ಲಿ ಇರುವುದು ಕಿರಿದಾದ ಸೀಳು; ಅದು ಕಾರಿನ ಅಡಿಯಂಚಿನ ತಗಡಿಗೆಂದು ಮಾಡಿದ್ದು. ಅದರ ಮೇಲೆ ಬೈಕನ್ನು ಕೂರಿಸುವುದು ಬಿಂದಿಗೆಯ ಬಾಯಿಯ ಮೇಲೆ ಒನಕೆಯನ್ನು ನಿಲ್ಲಿಸಿದಂತೆ. ಎಂಜಿನ್, ಮುಂದಿನ ಫೋರ್ಕ್ ಮುಂತಾದ ಕೆಲಸಗಳಿಗೆ ಬೈಕಿನ ಕತ್ತರಿ ಜಾಕಿ ಉಪಯುಕ್ತ.

ಇದರಲ್ಲೊಂದು ಸೂಕ್ಷ್ಮವಿದೆ. ಜಾಕಿ ಪೂರ್ತಿ ಮಡಚಿ ನೆಲಕ್ಕೆ ಹತ್ತಿರವಿದ್ದಾಗಲೇ ತಿರುಪಿನ ಮೇಲೆ ಎಳೆತ ಅತಿ ಹೆಚ್ಚು. ಕಾಲುಗಳು ನೆಲದೊಂದಿಗೆ 60 ಡಿಗ್ರಿ ಕೋನದಲ್ಲಿದ್ದಾಗ ತಿರುಪು ತಡೆಯಬೇಕಾದ ಬಲ, ಹೊತ್ತ ಭಾರದ ಅರ್ಧಕ್ಕಿಂತ ತುಸು ಹೆಚ್ಚು. 30 ಡಿಗ್ರಿಯಲ್ಲಿ ಅದು ಭಾರದ 1.7 ಪಟ್ಟು, 15 ಡಿಗ್ರಿಯಲ್ಲಿ 3.7 ಪಟ್ಟು. ಆದ್ದರಿಂದ ಜಾಕಿಯನ್ನು ತೀರ ಮಡಚಿದ ಸ್ಥಿತಿಯಲ್ಲೇ ಭಾರ ಹೊರಿಸದೆ, ಅಡಿಗೆ ದಪ್ಪ ಪ್ಲೈವುಡ್ ಹಲಗೆಯನ್ನಿಟ್ಟು, ತುಸು ಬಿಚ್ಚಿಕೊಂಡ ಮೇಲೆ ಬೈಕಿಗೆ ತಾಗುವಂತೆ ಮಾಡುವುದು ಜಾಣತನ.

ಹೈಡ್ರಾಲಿಕ್ ಬೈಕ್ ಜಾಕಿ: ಎರಡು ಉದ್ದನೆಯ ತೋಳುಗಳು, ಅಗಲವಾದ ಕೆಳಚೌಕಟ್ಟು, ಕಾಲಿನಿಂದ ಒತ್ತುವ ಪೆಡಲ್. ಭಾರಿ ಬೈಕನ್ನು ಎರಡೂ ಚಕ್ರ ನೆಲ ಬಿಡುವಂತೆ ಎತ್ತುತ್ತದೆ. ಸ್ಥಳಾವಕಾಶವಿದ್ದು, ಒಂದಕ್ಕಿಂತ ಹೆಚ್ಚು ಬೈಕುಗಳಿದ್ದು, ಕೆಲಸದಲ್ಲಿ ಪಳಗಿದವರಿಗೆ ಇದು ತಕ್ಕುದು. ನಾಲ್ಕು ಬಾಡಿಗೆ ಮನೆಗಳ ಸ್ಕೂಟರುಗಳ ನಡುವೆ ಇದನ್ನು ಇಡುವುದೆಲ್ಲಿ ಎಂಬುದನ್ನೂ ಯೋಚಿಸಬೇಕು.

ಬಾಟಲ್ ಜಾಕಿ: ಲಾರಿ, ಕಾರುಗಳ ಗೆಳೆಯ, ಬೈಕಿನ ವೈರಿ. ಎರಡು ಟನ್ನಿನ ಬಾಟಲ್ ಜಾಕಿ ಪೂರ್ತಿ ಇಳಿದಾಗಲೂ ಸುಮಾರು 15ರಿಂದ 18 ಸೆಂಟಿಮೀಟರ್ ಎತ್ತರವಿರುತ್ತದೆ. ನಮ್ಮ ಸಾಮಾನ್ಯ ಬೈಕುಗಳ ತಳಕ್ಕೂ ನೆಲಕ್ಕೂ ಇರುವ ಅಂತರವೇ 16-17 ಸೆಂಟಿಮೀಟರ್. ನುಗ್ಗಿಸುವುದೇ ಕಷ್ಟ, ನುಗ್ಗಿಸಿದರೂ ಅಂಗೈಗಿಂತ ಚಿಕ್ಕದಾದ ತಲೆಯ ಮೇಲೆ ಇಡೀ ಬೈಕ್ ತೂಗಾಡುತ್ತದೆ.

ಊರುಗೋಲು ಜಾಕಿ: ಸೈಡ್ ಸ್ಟ್ಯಾಂಡಿನ ಎದುರು ಬದಿಗೆ ಊರುವ, ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಕೋಲು. ದೂರ ಪ್ರಯಾಣದಲ್ಲಿ ಚೀಲದಲ್ಲಿ ಹಿಡಿಸುತ್ತದೆ. ದಾರಿಯಲ್ಲಿ ಚೈನಿಗೆ ಎಣ್ಣೆ ಬಿಡುವಷ್ಟು ಹೊತ್ತಿಗೆ ಸರಿ. ಚಕ್ರ ಬಿಚ್ಚಿ ಗಂಟೆಗಟ್ಟಲೆ ಬಿಡುವುದಕ್ಕೆ ಸಲ್ಲದು.

ಟನ್ನಿನ ಲೆಕ್ಕ ಮತ್ತು ಅಗಲದ ಲೆಕ್ಕ

ಸ್ಪ್ಲೆಂಡರ್ ಪ್ಲಸ್‌ನ ತೂಕ ಸುಮಾರು 112 ಕಿಲೋ, ಕ್ಲಾಸಿಕ್ 350ರದು 195, ಇಂಟರ್‌ಸೆಪ್ಟರ್ 650ರದು 218. ಮನೆಯಲ್ಲಿರುವ ಬೈಕುಗಳಲ್ಲಿ ಇದಕ್ಕಿಂತ ಭಾರವಾದವು ಅಪರೂಪ. ತೂಕದ ಎರಡು ಪಟ್ಟು ಸಾಮರ್ಥ್ಯವಿರುವ ಜಾಕಿಯನ್ನು ಆರಿಸಿದರೆ ಧಾರಾಳವಾಯಿತು. ಅಂದರೆ 450-500 ಕಿಲೋ ಸಾಮರ್ಥ್ಯ ಎಲ್ಲರಿಗೂ ಸಾಕು. ಎರಡು ಟನ್, ಮೂರು ಟನ್ ಎಂಬ ದೊಡ್ಡ ಅಕ್ಷರಗಳಿಗೆ ಮರುಳಾಗುವುದರಲ್ಲಿ ಅರ್ಥವಿಲ್ಲ. ಆಮದು ಮಾಲಿನ ಮೇಲೆ ಸಾಮರ್ಥ್ಯವನ್ನು ಪೌಂಡಿನಲ್ಲಿ ಮುದ್ರಿಸಿರುತ್ತಾರೆ ಎಂಬುದನ್ನೂ ಗಮನಿಸಬೇಕು. 1,500 ಪೌಂಡ್ ಎಂದರೆ 680 ಕಿಲೋ, 1,100 ಪೌಂಡ್ ಎಂದರೆ ಸುಮಾರು 500 ಕಿಲೋ. 300 ಎಂಬ ಅಂಕಿಯನ್ನು ಕಿಲೋ ಎಂದು ತಿಳಿದು ಕೊಂಡವನ ಕೈಗೆ ಬರುವುದು ಕೇವಲ 136 ಕಿಲೋ ಹೊರುವ ಸಾಧನ.

ನಿಜವಾಗಿ ಜೀವ ಉಳಿಸುವುದು ಅಗಲ. ಮನೆಯಲ್ಲಿ ಬೈಕ್ ಬೀಳುವುದು ಜಾಕಿ ಮುರಿದು ಅಲ್ಲ, ಬೈಕ್ ಪಕ್ಕಕ್ಕೆ ಮಗುಚಿ. ಒಂದು ಸರಳ ಲೆಕ್ಕ ನೋಡಿ. 195 ಕಿಲೋ ಬೈಕ್ ಪೂರ್ತಿಯಾಗಿ ಜಾಕಿಯ ಮೇಲೆ ನಿಂತಿದೆ. ಜಾಕಿಯ ತಳದ ಅಗಲ 20 ಸೆಂಟಿಮೀಟರ್. ಅಂದರೆ ನಡುವಿನಿಂದ ಅಂಚಿಗೆ 10. ನೆಲದಿಂದ ಒಂದು ಮೀಟರ್ ಎತ್ತರದಲ್ಲಿರುವ ಹ್ಯಾಂಡಲನ್ನು ಯಾರಾದರೂ ಪಕ್ಕಕ್ಕೆ ತಳ್ಳಿದರೆ ಬೈಕ್ ಮಗುಚತೊಡಗಲು ಸುಮಾರು 20 ಕಿಲೋ ಬಲ ಸಾಕು. ಹಾದುಹೋಗುವಾಗ ಎಡವಿದ ಹುಡುಗನೊಬ್ಬ ಅಷ್ಟು ಬಲವನ್ನು ಕೊಡಬಲ್ಲ. ಅದೇ ತಳದ ಅಗಲ 40 ಸೆಂಟಿಮೀಟರ್ ಆದರೆ ಬೇಕಾಗುವ ಬಲ ಸುಮಾರು 39 ಕಿಲೋ, ಎರಡು ಪಟ್ಟು. ಜಾಕಿಯ ಟನ್ ಸಾಮರ್ಥ್ಯ ಹೆಚ್ಚಿದರೂ ಕಡಿಮೆಯಾದರೂ ಈ ಲೆಕ್ಕ ಬದಲಾಗುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಟೇಪು ಇರಲಿ. ಮೊದಲು ಅಳೆಯಬೇಕಾದದ್ದು ತಳದ ಅಗಲ.

ಎಲ್ಲಿಗೆ ಕೊಡಬೇಕು ಆಧಾರ?

ಜಾಕಿ ಉತ್ತಮವಾದದ್ದಾದರೂ ಬೈಕಿನ ಅಡಿಯಲ್ಲಿ ಅದನ್ನು ಕೊಡುವ ಜಾಗ ತಪ್ಪಿದರೆ ಎಲ್ಲವೂ ವ್ಯರ್ಥ. ಎಂಜಿನ್ನಿನ ಕೆಳಗೆ ಎರಡು ಪೈಪುಗಳು ಹಾದುಹೋಗುವ ತೊಟ್ಟಿಲು ಮಾದರಿಯ ಚಾಸಿ ಇರುವ ಬೈಕುಗಳಲ್ಲಿ ಆ ಎರಡೂ ಪೈಪುಗಳಿಗೆ ಭಾರ ಸಮನಾಗಿ ಬೀಳುವಂತೆ ಜಾಕಿಯನ್ನು ಕೊಡಬಹುದು. ಸ್ಪ್ಲೆಂಡರ್ ಇಂಥದ್ದು. ಹಳೆಯ ಬುಲೆಟ್ಟುಗಳಲ್ಲಿ ಹಾಗೂ ಇಂದಿನ ಹಲವು ಬೈಕುಗಳಲ್ಲಿ ಎಂಜಿನ್ನೇ ಚಾಸಿಯ ಒಂದು ಭಾಗವಾಗಿದ್ದು, ಅಡಿಯಲ್ಲಿ ಪೈಪುಗಳೇ ಇರುವುದಿಲ್ಲ. ಅಲ್ಲಿ ಜಾಕಿ ನೇರವಾಗಿ ಎಂಜಿನ್ನಿನ ತಳಕ್ಕೆ ತಾಗುತ್ತದೆ. ಆ ತಳ ಅಲ್ಯೂಮಿನಿಯಂ ಎರಕ. ಆಯಿಲ್ ಇಳಿಸುವ ಬೋಲ್ಟ್ ಇರುವುದೂ ಅಲ್ಲಿಯೇ. ಕಿರಿದಾದ ಜಾಕಿ ಕೊಟ್ಟರೆ ಬಿರುಕು ಬಿಡಬಹುದು. ಬಜಾಜ್ ಪಲ್ಸರ್ ಎನ್ಎಸ್200ರಲ್ಲಿಯೂ ಹಳೆಯ ಡ್ಯೂಕ್ ಮಾದರಿಗಳಲ್ಲಿಯೂ ಸೈಲೆನ್ಸರೇ ಹೊಟ್ಟೆಯಡಿಯಲ್ಲಿ ಅಡಗಿರುತ್ತದೆ. ಇಂಥ ಬೈಕುಗಳಿಗೆ ಹೊಟ್ಟೆಯಡಿ ಎತ್ತುವ ಜಾಕಿ ಸಲ್ಲದು. ಪ್ಯಾಡಾಕ್ ಸ್ಟ್ಯಾಂಡೇ ಗತಿ.

ವಿದ್ಯುತ್ ಸ್ಕೂಟರುಗಳ ಒಡೆಯರಿಗೆ ವಿಶೇಷ ಎಚ್ಚರಿಕೆ. ಬೆಂಗಳೂರಿನದೇ ಆದ ಏಥರ್ ಮೊದಲಾದ ಸ್ಕೂಟರುಗಳಲ್ಲಿ ಬ್ಯಾಟರಿ ಇರುವುದು ಕಾಲಿಡುವ ಜಾಗದ ಕೆಳಗೆ. ಅಲ್ಲಿಗೆ ಜಾಕಿ ಕೊಡುವುದೆಂದರೆ ಬ್ಯಾಟರಿಯ ಪೆಟ್ಟಿಗೆಗೆ ಗುದ್ದು ಕೊಟ್ಟಂತೆ. ಅದನ್ನು ಎಂದಿಗೂ ಮಾಡತಕ್ಕದ್ದಲ್ಲ. ಯಾವ ವಾಹನವೇ ಇರಲಿ, ಎತ್ತುವ ಜಾಗವನ್ನು ಕೈಪಿಡಿಯಲ್ಲಿ ನೋಡಿರಿ. ಅಲ್ಲಿ ಇಲ್ಲವಾದರೆ ಸರ್ವಿಸ್ ಕೇಂದ್ರದ ಮೆಕ್ಯಾನಿಕ್ಕನ್ನು ಕೇಳಿರಿ.

ನೆಲವನ್ನು ಮರೆಯದಿರಿ

ನಮ್ಮ ಮನೆಗಳ ವಾಹನ ನಿಲುಗಡೆಯ ನೆಲ ಸಪಾಟಾಗಿರುವುದೇ ಇಲ್ಲ. ಮಳೆನೀರು ಹರಿದುಹೋಗಲೆಂದು ಮೇಸ್ತ್ರಿ ರಸ್ತೆಯ ಕಡೆಗೆ ಓಟ ಕೊಟ್ಟಿರುತ್ತಾನೆ. ಒಂದು ಮೀಟರಿಗೆ 5 ಸೆಂಟಿಮೀಟರ್ ಇಳಿಜಾರಿದ್ದರೆ, 195 ಕಿಲೋ ಬೈಕನ್ನು ಆ ಇಳಿಜಾರು ಸದಾ ಸುಮಾರು 10 ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ಗಾಲಿಯಿರುವ ಜಾಕಿಗೆ ಅದೇ ಸಾಕು. ಗೋಲಿಯೊಂದನ್ನು ನೆಲದ ಮೇಲಿಟ್ಟರೆ ಇಳಿಜಾರಿನ ದಿಕ್ಕು ತಿಳಿಯುತ್ತದೆ. ರಸಮಟ್ಟವಿದ್ದರೆ ಇನ್ನೂ ಒಳ್ಳೆಯದು. ನುಣುಪಾದ ಟೈಲ್ಸ್, ಒದ್ದೆಯಾದ ಗ್ರಾನೈಟ್ ಜಾರುತ್ತವೆ. ಇಂಟರ್‌ಲಾಕ್ ಇಟ್ಟಿಗೆಯ ನೆಲದಲ್ಲಿ ಭಾರ ಬಿದ್ದ ಇಟ್ಟಿಗೆ ಕುಸಿಯಬಹುದು. ಡಾಂಬರು ಬಿಸಿಲಿಗೆ ಮೆತ್ತಗಾಗುತ್ತದೆ. ಎರಡಡಿ ಚದರದ ದಪ್ಪ ಪ್ಲೈವುಡ್ ಹಲಗೆ ಭಾರವನ್ನು ಹಂಚುತ್ತದೆ. ಆದರೆ ಇಳಿಜಾರನ್ನು ನೀಗಿಸುವುದಿಲ್ಲ. ಒಣಗಿದ, ಮಟ್ಟವಾದ ಸಿಮೆಂಟ್ ನೆಲಕ್ಕೆ ಸಾಟಿ ಯಾವುದೂ ಇಲ್ಲ.

ಕೊಳ್ಳುವಾಗ ನೋಡಬೇಕಾದದ್ದು

ನಾಗಸಂದ್ರದವರಿಗೆ ಒಂದು ಅನುಕೂಲವಿದೆ. ಪಕ್ಕದಲ್ಲಿಯೇ ಪೀಣ್ಯ ಕೈಗಾರಿಕಾ ಪ್ರದೇಶ. ಪೈಪು ಬಗ್ಗಿಸಿ ಬೆಸುಗೆ ಹಾಕುವವರಿಗೆ ಅಲ್ಲಿ ಬರವಿಲ್ಲ. ಬಿಡಿಭಾಗಗಳಿಗೆ ಹೆಸರಾದ ಜೆ.ಸಿ. ರಸ್ತೆಗೂ ಹಸಿರು ಮಾರ್ಗದ ಮೆಟ್ರೋದಲ್ಲಿ ಹೋಗಿಬರಬಹುದು. ಕಣ್ಣಾರೆ ನೋಡಿ, ಕೈಯಾರೆ ಅಲುಗಾಡಿಸಿ ಕೊಳ್ಳುವ ಅವಕಾಶವನ್ನು ಕಳೆದುಕೊಳ್ಳದಿರುವುದು ಲೇಸು.

ಪ್ಯಾಡಾಕ್ ಸ್ಟ್ಯಾಂಡನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಪೈಪು 14 ಗೇಜಿಗಿಂತ ತೆಳ್ಳಗಿರಬಾರದು. ಅದು ಸುಮಾರು 2 ಮಿಲಿಮೀಟರ್ ದಪ್ಪ. ಬೆಸುಗೆ ಕೂಡಿಕೆಯ ಸುತ್ತಲೂ ಎಡೆಬಿಡದೆ ಹರಿದಿರಬೇಕು. ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟ ಬೆಸುಗೆ, ಗುಳ್ಳೆ ಬಿದ್ದ ಬೆಸುಗೆ ಬೇಡ. ದಪ್ಪನೆಯ ಬಣ್ಣ ಬಳಿದು ಬೆಸುಗೆಯನ್ನು ಮುಚ್ಚಿದ್ದರೆ ಸಂಶಯಪಡಿರಿ. ಬಣ್ಣ ಹೊಡೆಯುವ ಮುನ್ನವೇ ಹೋಗಿ ನೋಡುವುದು ಉತ್ತಮ. ಸಿದ್ಧ ಮಾಲಿನಲ್ಲಿ ಕವಲುಗಳ ಅಗಲವನ್ನು ಹೊಂದಿಸುವ ತಿರುಪು ಬಿಗಿಯಾಗಿ ಕೂರುತ್ತದೆಯೇ, ಗಾಲಿಗಳ ಅಚ್ಚು ಅಲುಗಾಡುತ್ತದೆಯೇ ಎಂದು ಪರೀಕ್ಷಿಸಬೇಕು.

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಇರಬೇಕೆಂಬುದು ಕಾನೂನಿನ ಅಗತ್ಯ. ಜಾಕಿಯ ಮೈಮೇಲೆಯೇ ಸಾಮರ್ಥ್ಯ ಅಚ್ಚಾಗಿರಲಿ. ರಟ್ಟಿನ ಪೆಟ್ಟಿಗೆಯ ಮೇಲಿನ ಮಾತನ್ನು ನೆಚ್ಚಬೇಡಿ. ಐಎಸ್‌ಐ ಗುರುತಿದ್ದರೆ ಅದರ ಮೇಲ್ಗಡೆ ಮಾನಕದ ಸಂಖ್ಯೆಯೂ ಕೆಳಗಡೆ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ಅಸಲಿಯೋ ನಕಲಿಯೋ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು.

ದೋಷವಿರುವ ಜಾಕಿಯಿಂದ ಹಾನಿಯಾದರೆ ಸುಮ್ಮನಿರಬೇಕಾಗಿಲ್ಲ. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ದೋಷಯುಕ್ತ ಸರಕಿನಿಂದಾದ ಹಾನಿಗೆ ತಯಾರಕರನ್ನಷ್ಟೇ ಅಲ್ಲದೆ ಕೆಲವು ಸಂದರ್ಭಗಳಲ್ಲಿ ಮಾರಾಟಗಾರರನ್ನೂ ಹೊಣೆಯಾಗಿಸುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಎರಡು ವರ್ಷಗಳ ಕಾಲಮಿತಿಯಿದೆ. ಇದಕ್ಕೆಲ್ಲ ಆಧಾರ ರಸೀದಿ. ನೂರಿನ್ನೂರು ಉಳಿಯಿತೆಂದು ರಸೀದಿಯಿಲ್ಲದೆ ಕೊಂಡವನಿಗೆ ಕಾನೂನಿನ ನೆರವು ದುರ್ಲಭ.

ಹೆಸರು ನೆಚ್ಚಿ ಕೂರುವಂತಿಲ್ಲ

ದೊಡ್ಡ ಹೆಸರಿನ ಮಾಲು ಕೊಂಡರೆ ಚಿಂತೆಯಿಲ್ಲ ಎನ್ನುವವರು ಅಮೆರಿಕದ ಒಂದು ಪ್ರಕರಣವನ್ನು ತಿಳಿದಿರಬೇಕು. ಅಲ್ಲಿನ ಹಾರ್ಬರ್ ಫ್ರೈಟ್ ಎಂಬ ಭಾರಿ ಮಳಿಗೆಗಳ ಸರಣಿ ತಾನು ಮಾರಿದ್ದ 3 ಮತ್ತು 6 ಟನ್ ಸಾಮರ್ಥ್ಯದ ಜಾಕ್ ಸ್ಟ್ಯಾಂಡುಗಳನ್ನು 2020ರಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಎತ್ತಿದ ಕಾರನ್ನು ಹಿಡಿದಿಡುವ ಆಧಾರಗಳು ಅವು. ಒಟ್ಟು ಸುಮಾರು 17 ಲಕ್ಷ. ಹಲ್ಲುಗಳು ಬೀಗದ ನಾಲಗೆಗೆ ಸಮವಾಗಿ ಸಿಕ್ಕಿಕೊಳ್ಳದೆ, ಭಾರ ಹೊತ್ತ ಸ್ಟ್ಯಾಂಡ್ ಹಠಾತ್ತನೆ ಕುಸಿಯುವ ಸಂಭವವಿತ್ತು. ಅವುಗಳ ಬದಲಿಗೆ ಕೊಟ್ಟ ಸ್ಟ್ಯಾಂಡುಗಳಲ್ಲಿಯೂ ಕೆಲವಕ್ಕೆ ಬೆಸುಗೆಯ ದೋಷ ಕಂಡುಬಂದು, ಕೆಲವೇ ತಿಂಗಳಲ್ಲಿ ಅವನ್ನೂ ಹಿಂಪಡೆಯಬೇಕಾಯಿತು. ಟನ್ನಿನ ಬರಹ ಮಾತ್ರ ಎಲ್ಲದರ ಮೇಲೂ ಇತ್ತು!

ಆದ್ದರಿಂದ ತಂದ ದಿನವೇ ಮನೆಯಲ್ಲಿ ಪರೀಕ್ಷೆ ನಡೆಸತಕ್ಕದ್ದು. ಬೈಕನ್ನು ಸ್ವಲ್ಪವೇ ಎತ್ತಿ, ಎತ್ತರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಿರಿ. ಯಾರೂ ಹತ್ತಿರ ಸುಳಿಯದಂತೆ ನೋಡಿಕೊಂಡು ಅರ್ಧ ಗಂಟೆ ಬಿಡಿರಿ. ಮತ್ತೆ ಅಳೆದಾಗ ಹೈಡ್ರಾಲಿಕ್ ಜಾಕಿ ಕಣ್ಣಿಗೆ ಕಾಣುವಷ್ಟು ಇಳಿದಿದ್ದರೆ, ಸೀಲಿನ ಬಳಿ ಎಣ್ಣೆಯ ಪಸೆ ಇದ್ದರೆ, ಬೀಗದ ನಾಲಗೆ ಅರ್ಧಕ್ಕೇ ನಿಂತಿದ್ದರೆ ವಿಳಂಬವಿಲ್ಲದೆ ಹಿಂದಿರುಗಿಸಿರಿ. ಮುಂದೆಯೂ ಆರು ತಿಂಗಳಿಗೊಮ್ಮೆ ಬೆಸುಗೆ, ತಿರುಪು, ಬೀಗಗಳನ್ನು ನೋಡಬೇಕು. ತಿರುಪಿಗೆ ಗ್ರೀಸ್ ಹಚ್ಚಬೇಕು. ಹೈಡ್ರಾಲಿಕ್ ಜಾಕಿಗೆ ಹೈಡ್ರಾಲಿಕ್ ಎಣ್ಣೆಯನ್ನೇ ತುಂಬಬೇಕು. ಕೈಗೆ ಸಿಕ್ಕಿತೆಂದು ಬ್ರೇಕ್ ಆಯಿಲ್ ಸುರಿದರೆ ಅದು ರಬ್ಬರ್ ಸೀಲನ್ನು ಹಾಳುಗೆಡವುತ್ತದೆ.

ಎತ್ತುವಾಗ ಪಾಲಿಸಬೇಕಾದ ನಿಯಮಗಳು

1. ಬಿಗಿಯಾದ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿರಿ. ಕೊನೆಯ ಬಿಗಿತವನ್ನೂ ನೆಲಕ್ಕಿಳಿಸಿದ ಮೇಲೆಯೇ ಕೊಡಿರಿ. 40 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನಿಂದ ಚಕ್ರದ ನಟ್ಟನ್ನು ಬಿಚ್ಚಲು 20 ಕಿಲೋ ಬಲ ಹಾಕಬೇಕಾದೀತು. ಎತ್ತಿದ ಬೈಕನ್ನು ಅದು ಜಾಕಿಯಿಂದ ತಳ್ಳಿಬಿಡಬಲ್ಲದು.

2. ಮೊದಲ ಹತ್ತು ಸಲವಾದರೂ ಇನ್ನೊಬ್ಬರು ಹ್ಯಾಂಡಲ್ ಹಿಡಿದು ನಿಲ್ಲಲಿ. ಬೈಕ್ ಪೂರ್ತಿ ನೆಟ್ಟಗಾಗುವವರೆಗೆ ಸೈಡ್ ಸ್ಟ್ಯಾಂಡ್ ಮಡಚಬೇಡಿ.

3. ಹಿಂಬದಿಯನ್ನು ಎತ್ತುವುದಾದರೆ ಮುಂದಿನ ಬ್ರೇಕ್ ಲಿವರನ್ನು ಪಟ್ಟಿಯಿಂದ ಕಟ್ಟಿರಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡಗಟ್ಟೆ ಕೊಡಿರಿ.

4. ಅಗತ್ಯವಿದ್ದಷ್ಟೇ ಎತ್ತಿರಿ. ಚಕ್ರ ತಿರುಗಲು ಬೆರಳೆರಡರ ಅಂತರ ಸಾಕು. ಬೈಕ್ ಮೇಲೇರಿದಷ್ಟೂ ಅದರ ಸಮತೋಲನ ಕುಗ್ಗುತ್ತದೆ.

5. ಎಂಜಿನ್ ಚಾಲೂ ಮಾಡಿ, ಗೇರಿಗೆ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವುದನ್ನು ಎಂದೆಂದಿಗೂ ಮಾಡಬೇಡಿ. ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಬಟ್ಟೆ ಸಿಕ್ಕಿದರೆ ಅದರ ಹಿಂದೆಯೇ ಬೆರಳುಗಳು ಹೋಗುತ್ತವೆ. ಕೀಲಿ ತೆಗೆದು, ನ್ಯೂಟ್ರಲ್‌ನಲ್ಲಿಟ್ಟು, ಚಕ್ರವನ್ನು ಕೈಯಿಂದಲೇ ತಿರುಗಿಸಿರಿ.

6. ಎತ್ತಿದ ಬೈಕಿನ ಮೇಲೆ ಕೂರಬೇಡಿ, ಅಡಿಗೆ ಕೈಕಾಲು ಚಾಚಬೇಡಿ, ಅದನ್ನು ಹಾಗೆಯೇ ಬಿಟ್ಟು ಊಟಕ್ಕೆ ಏಳಬೇಡಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಿರಿ.

7. ಬೈಕ್ ಬೀಳತೊಡಗಿದರೆ ಹಿಡಿಯಲು ಹೋಗದೆ ಹಿಂದಕ್ಕೆ ಸರಿಯಿರಿ. ಮುರಿದ ಲಿವರನ್ನು ಮರುದಿನ ಬದಲಾಯಿಸಬಹುದು.

ಯಾರಿಗೆ ಯಾವುದು?

ಚೈನ್ ಮತ್ತು ಹಿಂದಿನ ಚಕ್ರದ ಕೆಲಸವಷ್ಟೇ ಇದ್ದು, ಡಬಲ್ ಸ್ಟ್ಯಾಂಡ್ ಇಲ್ಲದ ಬೈಕಿನವರಿಗೆ ಬಾಬಿನ್ ಸಹಿತ ಹಿಂಬದಿಯ ಪ್ಯಾಡಾಕ್ ಸ್ಟ್ಯಾಂಡ್. ಡಬಲ್ ಸ್ಟ್ಯಾಂಡ್ ಇದ್ದು ಮುಂದಿನ ಚಕ್ರವನ್ನೂ ಬಿಚ್ಚುವವರಿಗೆ ಅಗಲ ತಲೆಯ ಬೈಕಿನ ಕತ್ತರಿ ಜಾಕಿ. ಎಂಜಿನ್, ಫೋರ್ಕುಗಳನ್ನು ಬಿಚ್ಚಿ ಜೋಡಿಸುವಷ್ಟು ಪಳಗಿದವರಿಗೆ ಬೀಗವಿರುವ ಹೈಡ್ರಾಲಿಕ್ ಜಾಕಿ. ಸ್ಕೂಟರಿನವರಿಗೆ ಇರುವ ಡಬಲ್ ಸ್ಟ್ಯಾಂಡೇ ಸಾಕು. ಬ್ರೇಕಿನ ಒಳಭಾಗದ ಕೆಲಸವನ್ನಂತೂ ಅರಿಯದವರು ಸರ್ವಿಸ್ ಕೇಂದ್ರಕ್ಕೆ ಬಿಡುವುದೇ ಲೇಸು.

ಸ್ವಂತ ಕೈಯಿಂದ ಬೈಕನ್ನು ನೋಡಿಕೊಳ್ಳುವುದರಲ್ಲಿ ಒಂದು ಸಂತೋಷವಿದೆ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತಿಗೆ ಗ್ರೀಸ್ ಮೆತ್ತಿದ ಕೈಗಳೂ ಹೊರತಲ್ಲ. ಆದರೆ ಸಂಜೆ ಆ ಕೈಗಳನ್ನು ತೊಳೆಯುವಾಗ ಹತ್ತು ಬೆರಳೂ ಇರಬೇಕು. ಅದಕ್ಕಾಗಿ ಮುಂದಿನ ಭಾನುವಾರ ಇಟ್ಟಿಗೆಗಳನ್ನು ಮೂಲೆಗೆ ಸರಿಸಿ, ನೆಲದ ಮಟ್ಟವನ್ನೊಮ್ಮೆ ನೋಡಿ, ಬಳಿಕ ಜಾಕಿಯ ಮಾತಾಡೋಣ.